ಅವರಿಗೆ ಟ್ರೇಲರು, ನಮಗೆ ಉಪ್ಪಿಟ್ಟು!

ಅಮೀಶ್ ತ್ರಿಪಾಠಿ ಬ್ಯಾಂಕ್ ನೌಕರಿಯಲ್ಲಿದ್ದ ಮನುಷ್ಯ. ಬರೆದದ್ದು ಶಿವನ ಕಲ್ಪನಾಕಥೆ, ಇಂಗ್ಲಿಷಿನಲ್ಲಿ. 20 ಪ್ರಕಾಶಕರು ಬೇಡವೆಂದರು. ಆತ ಅಳುತ್ತ ಕೂರಲಿಲ್ಲ. 2010ರಲ್ಲಿ ಮೊದಲ ಅಧ್ಯಾಯವನ್ನು ಬೇರೆಯಾಗಿ ಅಚ್ಚು ಹಾಕಿಸಿ, ಪುಸ್ತಕದಂಗಡಿಗಳ ಗಲ್ಲಾದ ಪಕ್ಕದಲ್ಲಿ ಪುಕ್ಕಟೆ ಹಂಚಿಸಿದ. ತೌಫಿಕ್ ಖುರೇಷಿಯ ಸಂಗೀತ ಹಾಕಿಸಿ ಸಿನಿಮಾದಂತೆ ಟ್ರೇಲರ್ ಬಿಟ್ಟ. 2013ರಲ್ಲಿ, ಇನ್ನೂ ಬರೆಯದ ಪುಸ್ತಕಗಳಿಗೆ ಸುಮಾರು 5 ಕೋಟಿ ಮುಂಗಡ!

ನಮ್ಮಲ್ಲಿ? ಹಾರುವ ಓತಿಯ ಬೆನ್ನು ಹತ್ತಿದ 'ಕರ್ವಾಲೊ' ಬಂದದ್ದು 1980ರಲ್ಲೇ. ಸರಕಿಗೆ ಬರವಿಲ್ಲ, ಮಾರುವ ಛಾತಿಗೆ ಬರ. ಬಿಡುಗಡೆ ಸಮಾರಂಭವೆಂದರೆ ಮೂವರು ಅತಿಥಿಗಳು, ಶಾಲು, ಹಣ್ಣಿನ ಬುಟ್ಟಿ, ಎರಡು ಗಂಟೆ ಭಾಷಣ. ಪಾಪ, ಲೇಖಕ ಮೈಕ್ ಹಿಡಿಯುವ ಹೊತ್ತಿಗೆ ಸಭಿಕರೆಲ್ಲ ಉಪ್ಪಿಟ್ಟಿನ ಸಾಲಿನಲ್ಲಿ! ಗ್ರಂಥಾಲಯ ಖರೀದಿಯ ಪಟ್ಟಿಗೆ ಸೇರಿದರೆ ಸಾಕು, ಓದುಗ ಯಾರಿಗೆ ಬೇಕು?

ತರುಣರೇ, ನೀವೂ ಸಾಚಾ ಅಲ್ಲ. ಆ ಶಿವಕಥೆ ಕನ್ನಡಕ್ಕೂ ಬಂದಿದೆ. ನೀವು ಇಂಗ್ಲಿಷಿನದನ್ನೇ ಕೊಂಡು ಹಸ್ತಾಕ್ಷರಕ್ಕೆ ಸಾಲು ನಿಂತಿರಿ. ಬೆಂಗಳೂರಿನ ಮಾಲಿನಲ್ಲಿ ಅಂಗಡಿಯವನು ಕನ್ನಡ ಪುಸ್ತಕ ಇಟ್ಟಿಲ್ಲವೆಂದರೆ ಬಾಯಿ ಮುಚ್ಚಿಕೊಂಡು ಬರುತ್ತೀರಿ. ಈ ಭಾನುವಾರ ಹಾಗೆ ಬರಬೇಡಿ. ಕನ್ನಡದ ಕಪಾಟು ಎಲ್ಲಿ ಎಂದು ಕನ್ನಡದಲ್ಲೇ ಕೇಳಿ. ಇಲ್ಲವೆಂದರೆ ಮಾಲೀಕನನ್ನೇ ಕರೆಸಿ!