ವಿದ್ಯಾರ್ಥಿಗಳೂ ಸಂಶೋಧನೆಯೂ

ಸಂಶೋಧನೆ ಎಂಬ ಶಬ್ದವನ್ನು ಕೇಳಿದೊಡನೆಯೇ ಅದು ತಮಗೆ ಸಂಬಂಧಿಸಿದ್ದಲ್ಲವೆಂದು ನಮ್ಮ ವಿದ್ಯಾರ್ಥಿಗಳು ದೂರ ಸರಿಯುವುದುಂಟು. ಪ್ರಯೋಗಶಾಲೆ, ಸೂಕ್ಷ್ಮದರ್ಶಕ, ದೊಡ್ಡ ಪದವಿ ಇವಿಲ್ಲದೆ ಸಂಶೋಧನೆ ಅಸಾಧ್ಯವೆಂಬ ಭಾವನೆ ಹಿರಿಯರಲ್ಲಿಯೂ ಇದೆ. ಈ ಅಭಿಪ್ರಾಯವನ್ನು ನಾವು ಒಪ್ಪಲಾರೆವು. ವನ್ಯಜೀವಿಗಳ ರಕ್ಷಣೆ, ಮೀನುಗಾರಿಕೆ, ಪರಿಸರದ ಪಾಲನೆ ಮೊದಲಾದ ವಿಷಯಗಳಲ್ಲಿ ಶಾಲೆಯ ಮಕ್ಕಳೂ ನಿಜವಾದ ಕೆಲಸವನ್ನು ಮಾಡಬಲ್ಲರು. ಆದರೆ ಆ ಕೆಲಸವು ಪ್ರಾಮಾಣಿಕವಾಗಿರಬೇಕು.

ಮೊದಲು ನಮ್ಮ ತಪ್ಪನ್ನೇ ಹೇಳಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯವರಿಗೆ ಕಡಲಿನ ಸಂಪತ್ತನ್ನು ಕುರಿತು ಬರೆದು ತರಲು ಹೇಳಿದ್ದೆವು. ಬಣ್ಣಬಣ್ಣದ ಚಿತ್ರಪಟಗಳು ಬಂದುವು. ಒಬ್ಬ ಹುಡುಗನು ಮಾತ್ರ ಹಳೆಯ ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಿ ಪೆನ್ಸಿಲಿನಿಂದ ಗೀಚಿ ತಂದಿದ್ದನು. ಆರು ಭಾನುವಾರ ತಾಯಿ ಮಾರುಕಟ್ಟೆಯಿಂದ ತಂದ ಬಂಗುಡೆಗಳನ್ನು ಅಳೆದು, ತಾರೀಖು ಹಾಕಿ ಬರೆದಿದ್ದನು. ಒಂದು ಭಾನುವಾರದ ಎದುರಿಗೆ 'ಮೀನು ತುಟ್ಟಿ, ತರಲಿಲ್ಲ' ಎಂದಷ್ಟೇ ಇದ್ದಿತು. ಅಕ್ಷರ ಅಂದವಾಗಿಲ್ಲವೆಂದು ಅವನಿಗೆ ಕಡಿಮೆ ಅಂಕ ಕೊಟ್ಟೆವು. ಪುಸ್ತಕ ನೋಡಿ ನಕಲು ಮಾಡಿದ ಚಿತ್ರಪಟವೊಂದಕ್ಕೆ ಬಹುಮಾನ ಕೊಟ್ಟೆವು. ಇಡೀ ತರಗತಿಯಲ್ಲಿ ಸಂಶೋಧನೆ ಮಾಡಿದವನು ಅವನೊಬ್ಬನೇ ಎಂಬುದು ನಮಗೆ ತಡವಾಗಿ ಹೊಳೆಯಿತು.

ಮೀನಿನ ಉದ್ದವನ್ನು ಅಳೆದರೆ ಬಂದ ಭಾಗ್ಯವೇನೆಂದು ಕೆಲವರು ಕೇಳಬಹುದು. ಮರಿಮೀನು ಬೆಳೆದು ಮೊಟ್ಟೆಯಿಡುವ ಮುನ್ನವೇ ಬಲೆಗೆ ಬಿದ್ದರೆ ಮುಂದಿನ ಸಂತತಿ ಎಲ್ಲಿಂದ ಬರಬೇಕು? ಆದುದರಿಂದಲೇ ಕೇರಳ ಸರಕಾರವು 2015ರಿಂದ ಮೊದಲುಗೊಂಡು ಹಿಡಿಯತಕ್ಕ ಮೀನಿನ ಕನಿಷ್ಠ ಉದ್ದವನ್ನು ಗೊತ್ತುಮಾಡಿತು. ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ಮಹಾರಾಷ್ಟ್ರವೂ 2023ರಲ್ಲಿ ಇಂತಹ ನಿಯಮವನ್ನು ತಂದಿತು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ ಯಂತ್ರದ ದೋಣಿಗಳು ಕಡಲಿಗಿಳಿಯಬಾರದೆಂಬ ಕಟ್ಟಳೆಯ ಹಿಂದೆಯೂ ಮೀನಿನ ಸಂತತಿಯನ್ನು ಕಾಯುವ ಉದ್ದೇಶವಿದೆ. ಇವೆಲ್ಲಕ್ಕೂ ಆಧಾರವಾದುದು ಬಹು ಜನರು, ಬಹು ವರ್ಷ, ಬಂದರಿನಲ್ಲಿ ನಿಂತು ಮಾಡಿದ ಅಳತೆ.

1947ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಈ ಕೆಲಸವನ್ನು ನಡೆಸುತ್ತ ಬಂದಿದ್ದಾರೆ. ಬಂದ ಮೀನನ್ನೆಲ್ಲ ಎಣಿಸುವುದು ಸಾಧ್ಯವಿಲ್ಲದ ಮಾತು. ಆಯ್ದ ಬಂದರುಗಳಲ್ಲಿ, ಆಯ್ದ ದಿನಗಳಲ್ಲಿ, ಆಯ್ದ ದೋಣಿಗಳ ಮೀನನ್ನು ನೋಡಿ ಒಟ್ಟು ಲೆಕ್ಕವನ್ನು ಕಟ್ಟುತ್ತಾರೆ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ದೊರೆತ ಬೂತಾಯಿಯು 2021ರಲ್ಲಿ 4 ಸಾವಿರ ಟನ್ನಿಗಿಂತಲೂ ಕೆಳಗಿಳಿದುದು ಹೀಗೆಯೇ ತಿಳಿದುಬಂದಿತು. ಮುಂದೆ ಮೀನು ಮತ್ತೆ ಹೆಚ್ಚಿದುದೂ ಲೆಕ್ಕದಿಂದಲೇ ತಿಳಿಯಿತು. ಮಳೆ, ಕಡಲ ನೀರಿನ ಕಾವು, ಮರಿಮೀನಿನ ಬೇಟೆ ಇವು ಮೂರೂ ಬೂತಾಯಿಯ ಏರಿಳಿತಕ್ಕೆ ಸಂಬಂಧಿಸಿದವು. ಆದುದರಿಂದ ದೋಷವನ್ನೆಲ್ಲ ಮೀನುಗಾರರ ತಲೆಗೆ ಕಟ್ಟುವುದು ನ್ಯಾಯವಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರ ಅಜ್ಜಂದಿರು, ಮಾವಂದಿರು ಇಂದಿಗೂ ಬಲೆ ಬೀಸುವವರು ಎಂಬುದನ್ನು ನಾವು ಮರೆತಿಲ್ಲ.

ಲೆಕ್ಕ ತಪ್ಪಿದರೆ ಏನಾಗುವುದೆಂಬುದಕ್ಕೆ ರಾಜಸ್ಥಾನದ ಸರಿಸ್ಕಾ ಅರಣ್ಯವೇ ಸಾಕ್ಷಿ. ಹೆಜ್ಜೆಗುರುತು ನೋಡಿ ಎಣಿಸಿದ ಗಣತಿಯ ಕಾಗದದಲ್ಲಿ ಅಲ್ಲಿ ಹುಲಿಗಳಿದ್ದುವು; 2005ರಲ್ಲಿ ಹುಡುಕಿದಾಗ ಕಾಡಿನಲ್ಲಿ ಒಂದೂ ಇರಲಿಲ್ಲ. ಕಳ್ಳಬೇಟೆಗಾರರು ಹುಲಿಗಳನ್ನು ಕೊಂದರು. ಸುಳ್ಳು ಲೆಕ್ಕವು ಅದನ್ನು ಮುಚ್ಚಿಟ್ಟಿತು. ಅಂಕಕ್ಕಾಗಿ ಶಾಲೆಯಲ್ಲಿ ಇಲ್ಲದ್ದನ್ನು ಇದೆಯೆಂದು ಬರೆಯುವ ಅಭ್ಯಾಸವು ಬೆಳೆದು ದೊಡ್ಡದಾದರೆ ಇಂತಹ ಅನರ್ಥಕ್ಕೇ ಕಾರಣವಾದೀತು.

ಇನ್ನೊಂದು ಉದಾಹರಣೆ ನಮ್ಮ ಮುಂಬಯಿಯದೇ. ಸುಮಾರು ಹತ್ತು ವರ್ಷದ ಬಾಲಕನೊಬ್ಬನು ತಾನು ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡು ಅದೇನೆಂದು ತಿಳಿಯಲು ಇಲ್ಲಿನ ನಿಸರ್ಗ ಇತಿಹಾಸ ಸಂಘಕ್ಕೆ ಹೋದನು. ಕಾರ್ಯದರ್ಶಿ ಮಿಲಾರ್ಡರು ಗದರಿಸಿ ಕಳುಹಿಸಲಿಲ್ಲ. ಸಂಗ್ರಹದಲ್ಲಿದ್ದ ಹಕ್ಕಿಗಳನ್ನು ತೋರಿಸಿ ವಿವರಿಸಿದರು. ಆ ಬಾಲಕನೇ ಮುಂದೆ ಪಕ್ಷಿಶಾಸ್ತ್ರಜ್ಞ ಸಲೀಂ ಅಲಿ. ಬಾಲಕನ ಕುತೂಹಲದಷ್ಟೇ ಹಿರಿಯರ ತಾಳ್ಮೆಯೂ ಇಲ್ಲಿ ದೊಡ್ಡದು. ನಮ್ಮಲ್ಲಿ ಕೊರತೆಯಾದುದು ಅದೇ.

ವಿದ್ಯಾರ್ಥಿಗಳು ಮಾಡತಕ್ಕದ್ದು ಇಷ್ಟೇ. ಒಂದೇ ಸಣ್ಣ ಪ್ರಶ್ನೆಯನ್ನು ಆರಿಸಿಕೊಳ್ಳಿರಿ. ಕಂಡ ದಿನ, ಸ್ಥಳ, ಅಳತೆಗಳನ್ನು ಅಂದೇ ಬರೆಯಿರಿ. ಮೀನು ತಾರದ ಮನೆಯವರು ಬೀದಿಯ ಮರಕ್ಕೆ ಬರುವ ಹಕ್ಕಿಗಳನ್ನು ಎಣಿಸಬಹುದು. ಕಾಣದಿದ್ದುದನ್ನು 'ಕಾಣಲಿಲ್ಲ' ಎಂದೇ ಬರೆಯಿರಿ. ನಿಮ್ಮ ಲೆಕ್ಕದ ಮಿತಿಯನ್ನೂ ಅರಿಯಿರಿ. ತಾಯಿ ದೊಡ್ಡ ಮೀನನ್ನೇ ಆರಿಸಿ ತಂದಿದ್ದರೆ, ಕಡಲಲ್ಲಿ ದೊಡ್ಡ ಮೀನೇ ತುಂಬಿದೆಯೆಂದು ತೀರ್ಮಾನಿಸಲಾಗದು.

'ಮೀನು ತುಟ್ಟಿ, ತರಲಿಲ್ಲ' ಎಂದು ಬರೆದ ಆ ಹುಡುಗನು ಅಲ್ಲಿ ಒಂದು ಸುಳ್ಳು ಅಂಕಿಯನ್ನು ತುಂಬಬಹುದಾಗಿತ್ತು, ತುಂಬಲಿಲ್ಲ. ಅವನಿಗೆ ಸಲ್ಲಬೇಕಾಗಿದ್ದ ಅಂಕಗಳನ್ನು ಈಗ ಕೊಡುವಂತಿಲ್ಲ. ಇನ್ನು ಮುಂದೆ ಅಂತಹ ಪುಸ್ತಕ ನಮ್ಮ ಮೇಜಿಗೆ ಬಂದರೆ ಅಕ್ಷರದ ಅಂದಕ್ಕಿಂತ ಮೊದಲು ಅದರೊಳಗಿನ ಸತ್ಯವನ್ನು ನೋಡುವೆವು.