ಹೊತ್ತವರ ಲೆಕ್ಕವೂ ಇತಿಹಾಸವೇ

ನಮ್ಮ ಶಾಲೆಗಳ ಇತಿಹಾಸ ಪಾಠದಲ್ಲಿ ಯುದ್ಧವೆಂದರೆ ಸೇನಾಪತಿಗಳ ಹೆಸರು, ಕದನ ನಡೆದ ಸ್ಥಳ, ಒಪ್ಪಂದದ ಇಸವಿ. ಆ ಸೇನೆಗಳಿಗೆ ಎಣ್ಣೆಯನ್ನೂ ಲೋಹವನ್ನೂ ಮದ್ದುಗುಂಡುಗಳನ್ನೂ ಹೊತ್ತು ತಂದವರಾರು, ಅದಕ್ಕಾಗಿ ತೆತ್ತ ಬೆಲೆಯೆಷ್ಟು ಎಂಬ ಪ್ರಶ್ನೆಯನ್ನು ವಿದ್ಯಾರ್ಥಿ ಕೇಳುವುದಿಲ್ಲ, ನಾವೂ ಕೇಳಿಸುವುದಿಲ್ಲ. ಇದು ಸಣ್ಣ ಲೋಪವಲ್ಲವೆಂದು ನನ್ನ ಭಾವನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಮ್ಮ ನೆಲದಿಂದಲೇ ನಡೆದ ಒಂದು ಸಾಗಾಣಿಕೆಯನ್ನು ಇದಕ್ಕೆ ನಿದರ್ಶನವಾಗಿ ಮುಂದಿಡುತ್ತೇನೆ.

1942ರ ಏಪ್ರಿಲ್ ಕೊನೆಯಲ್ಲಿ ಬರ್ಮಾದ ಲಾಷಿಯೋ ಪಟ್ಟಣ ಜಪಾನೀಯರ ವಶವಾದೊಡನೆ ಚೀನಕ್ಕಿದ್ದ ಬರ್ಮಾ ರಸ್ತೆ ಮುಚ್ಚಿಹೋಯಿತು. ಚೀನದ ಮುಖ್ಯ ಬಂದರುಗಳು ಅದಕ್ಕೂ ಮೊದಲೇ ಶತ್ರುವಿನ ಕೈಸೇರಿದ್ದುವು. ಮಿತ್ರರಾಷ್ಟ್ರವಾದ ಚೀನವನ್ನು ಯುದ್ಧದಲ್ಲಿ ಉಳಿಸಿಕೊಳ್ಳಲು ಅಮೆರಿಕಕ್ಕೆ ಉಳಿದದ್ದು ಆಕಾಶಮಾರ್ಗವೊಂದೇ. ಅಸ್ಸಾಮಿನ ಚಬುವಾ, ದಿನ್‌ಜಾನ್ ಮೊದಲಾದ ನೆಲೆಗಳಿಂದ ಹೊರಟು, ಹಿಮಾಲಯದ ಪೂರ್ವದಂಚಿನ ಗಿರಿಶ್ರೇಣಿಗಳನ್ನು ದಾಟಿ, ಸುಮಾರು 800 ಕಿಲೋಮೀಟರ್ ದೂರದ ಕುನ್‌ಮಿಂಗ್ ನಗರವನ್ನು ತಲಪುವ ಈ ದಾರಿಯನ್ನು ವೈಮಾನಿಕರು ‘ಹಂಪ್’, ಎಂದರೆ ಗೂನು, ಎಂದು ಕರೆದರು. ಹೋಗುವಾಗ ಹೊರೆಯಲ್ಲಿ ಅರ್ಧಕ್ಕೂ ಮಿಕ್ಕಿ ಪೆಟ್ರೋಲೇ ಇರುತ್ತಿತ್ತು. ಮರಳುವಾಗ ವಿಮಾನಗಳು ಚೀನದ ಟಂಗ್‌ಸ್ಟನ್ ಅದಿರನ್ನೂ ತವರವನ್ನೂ ತರುತ್ತಿದ್ದುವು. ಉಕ್ಕನ್ನು ಕೊಯ್ಯುವ ಹತ್ಯಾರುಗಳಿಗೆ ಟಂಗ್‌ಸ್ಟನ್ ಅನಿವಾರ್ಯ. ಅದಿಲ್ಲದೆ ಶಸ್ತ್ರಾಸ್ತ್ರಗಳ ಕಾರ್ಖಾನೆ ನಡೆಯದು. ಹೀಗೆ ಕೊಡುವವನೂ ಪಡೆಯುವವನಾಗಿದ್ದನು.

ಈ ಕಾರ್ಯದಲ್ಲಿ ನಮ್ಮ ನಾಡಿನ ಪಾಲೂ ಉಂಟು. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನಾ ವಾಯುದಳದ ಆಡಳಿತಕ್ಕೆ ಬಂದು, ಈ ರಣರಂಗದ ವಿಮಾನಗಳನ್ನೂ ಎಂಜಿನುಗಳನ್ನೂ ದುರಸ್ತಿ ಮಾಡುವ ಪ್ರಮುಖ ಕೇಂದ್ರವಾಯಿತು. ಅಲ್ಲಿ ಕೈಕೆಸರು ಮಾಡಿಕೊಂಡ ನಮ್ಮವರ ಹೆಸರು ಯಾವ ಪಠ್ಯದಲ್ಲಿದೆ?

ಯುದ್ಧ ಮುಗಿಯುವ ವೇಳೆಗೆ ಈ ಮಾರ್ಗದಲ್ಲಿ ಸಾಗಿದ ಸರಕು ಸುಮಾರು ಆರೂವರೆ ಲಕ್ಷ ಟನ್. ನಾಶವಾದ ವಿಮಾನಗಳು ಸುಮಾರು 600. ಮಡಿದವರು, ಕಾಣೆಯಾದವರು 1,600ಕ್ಕೂ ಹೆಚ್ಚು. ಮೊದಮೊದಲು ಟನ್ನುಗಳ ಗುರಿಯೊಂದೇ ಅಧಿಕಾರಿಗಳ ಕಣ್ಣಿಗೆ ಕಾಣುತ್ತಿತ್ತು. 1944ರ ಸೆಪ್ಟೆಂಬರಿನಲ್ಲಿ ಹೊಣೆ ಹೊತ್ತ ವಿಲಿಯಂ ಟನ್ನರ್ ವಿಮಾನಗಳ ದುರಸ್ತಿಗೆ ಕ್ರಮಬದ್ಧ ವ್ಯವಸ್ಥೆಯನ್ನು ತಂದನು. ಬೇಗನೆ ಊರಿಗೆ ಮರಳುವ ಆಸೆಯಿಂದ ಚಾಲಕರು ದಣಿವನ್ನು ಲೆಕ್ಕಿಸದೆ ಹಾರುವುದನ್ನು ತಡೆದನು. ಅಪಘಾತಗಳ ಪ್ರಮಾಣ ಇಳಿಯಿತು. ಸರಕು ಮಾತ್ರ ಏರಿತು. 1943ರ ಡಿಸೆಂಬರಿನಲ್ಲಿ 12,000 ಟನ್ನಿನಷ್ಟಿದ್ದುದು 1945ರ ಜುಲೈಯಲ್ಲಿ 71,000 ಟನ್ನಾಯಿತು. ವಿಮಾನಗಳ ಸಂಖ್ಯೆ ಹೆಚ್ಚಿದುದೂ, 1944ರಲ್ಲಿ ಮಿತ್‌ಕ್ಯೀನಾ ಕೈವಶವಾಗಿ ತಗ್ಗಿನ ದಾರಿ ತೆರೆದುದೂ ಇದಕ್ಕೆ ಕಾರಣವೆಂಬುದು ನಿಜ. ಆದರೂ ಜೀವದ ಮೇಲಿನ ಕಾಳಜಿ ಕಾರ್ಯಕ್ಕೆ ಅಡ್ಡಿಯಲ್ಲವೆಂಬುದು ಇಲ್ಲಿ ಸಿದ್ಧವಾಯಿತು.

ಆದರೆ ಲೆಕ್ಕ ಇಲ್ಲಿಗೇ ಮುಗಿಯದು. ಆ ಸರಕು ಅಸ್ಸಾಮನ್ನು ಸೇರಿದ್ದು ಕಲ್ಕತ್ತೆಯಿಂದ. ಪಾರ್ವತೀಪುರದಲ್ಲಿ ದೊಡ್ಡ ಹಳಿಯ ರೈಲಿನಿಂದ ಸಣ್ಣ ಹಳಿಯ ರೈಲಿಗೆ ಹೊರೆ ಬದಲಿಸಿ, ಬ್ರಹ್ಮಪುತ್ರವನ್ನು ದೋಣಿಗಳ ಮೇಲೆ ದಾಟಿ. ವಿಮಾನ ನಿಲ್ದಾಣಗಳನ್ನು ಕಟ್ಟಲು ಮಣ್ಣು ಹೊತ್ತು ಕಲ್ಲು ಒಡೆದ ಕೂಲಿಗಳಲ್ಲಿ ಎಷ್ಟು ಮಂದಿ ಸತ್ತರೆಂಬುದನ್ನು ವೈಮಾನಿಕರ ಸಾವಿನಂತೆ ಎಣಿಸಿದವರಿಲ್ಲ. ಅದೇ ಬಂಗಾಳದಲ್ಲಿ, ಶತ್ರುವಿಗೆ ಸಿಗಬಾರದೆಂದು 1942ರಲ್ಲಿ ಸರ್ಕಾರವು ಕರಾವಳಿಯ ಜನರ ದೋಣಿಗಳನ್ನು ಕಿತ್ತುಕೊಂಡಿತ್ತು. ಮರುವರ್ಷ ಕ್ಷಾಮ ಬಂದಾಗ, ಹೊರಗಿನಿಂದ ಸಾಕಷ್ಟು ಧಾನ್ಯ ತರಲು ಹಡಗುಗಳಿಲ್ಲವೆಂಬ ಉತ್ತರ ದೊರೆಯಿತು. ಹಸಿವೆಯಿಂದಲೂ ಅದರ ಬೆನ್ನಿಗೆ ಬಂದ ರೋಗಗಳಿಂದಲೂ ಸುಮಾರು ಮೂವತ್ತು ಲಕ್ಷ ಜನ ಅಳಿದರು. ಕ್ಷಾಮಕ್ಕೆ ಬೇರೆ ಕಾರಣಗಳೂ ಇದ್ದುವು. ಆದರೆ ಪೆಟ್ರೋಲಿಗೆ ಪರ್ವತವನ್ನೇ ದಾಟಿದ ಆಡಳಿತಕ್ಕೆ ಅಕ್ಕಿಗೆ ದಾರಿ ಕಾಣದೆ ಹೋಯಿತೆಂಬುದು ಮರೆಯಲಾಗದ ಮಾತು.

ಯುದ್ಧದಲ್ಲಿ ಇದೆಲ್ಲ ಅನಿವಾರ್ಯವೆಂದು ಹೇಳುವವರಿದ್ದಾರೆ. ಚೀನಕ್ಕೆ ನೆರವಾಗಬೇಕಿತ್ತೆಂಬುದನ್ನು ನಾನೂ ಒಪ್ಪುತ್ತೇನೆ. ಅಲ್ಲಿ ಲಕ್ಷಾಂತರ ಜಪಾನೀ ಸೈನಿಕರು ಸಿಲುಕಿಕೊಂಡಿದ್ದರು. ಆದರೆ ಯಾವುದನ್ನು ಮೊದಲು ಹೊರಬೇಕು, ಯಾವುದನ್ನು ಬಿಡಬೇಕು ಎಂಬ ನಿರ್ಣಯ ಕೇವಲ ಗುಮಾಸ್ತರ ಲೆಕ್ಕವಲ್ಲ. ಅದು ಧರ್ಮಾಧರ್ಮದ ಪ್ರಶ್ನೆ. ಹೊತ್ತು ತಂದುದರ ಜೊತೆಗೆ ಬಿಟ್ಟುಬಂದುದನ್ನೂ ಬರೆಯುವವರೆಗೆ ಇತಿಹಾಸದ ಕಡತ ಅಪೂರ್ಣ.

ಉಪಾಧ್ಯಾಯ ಮಿತ್ರರು ಮಕ್ಕಳ ಮುಂದೆ ಭೂಪಟ ಹರಡಿ, ಕಲ್ಕತ್ತೆಯಿಂದ ಕುನ್‌ಮಿಂಗಿನವರೆಗೆ ಬೆರಳಿಟ್ಟು ಈ ದಾರಿಯನ್ನು ತೋರಿಸಲಿ. ರೈಲು, ಬಂದರು, ಲಾರಿ ಸಾಗಾಣಿಕೆಗಳಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳು ಒಂದು ದಿನ ಬಂದು ತಮ್ಮ ಅನುಭವವನ್ನು ಮಕ್ಕಳಿಗೆ ಹೇಳಲಿ. ದಾನಿಗಳು ಗ್ರಂಥಾಲಯಕ್ಕೆ ಕೆಲವು ಒಳ್ಳೆಯ ಭೂಪಟಗಳನ್ನು ಒದಗಿಸಿದರೆ ಅದೂ ದೊಡ್ಡ ಉಪಕಾರವೇ. ಹೊರೆ ಹೊತ್ತವನ ಬೆನ್ನನ್ನು ಕಾಣಲು ಕಲಿತ ಮಗು, ಮುಂದೆ ಅಧಿಕಾರದ ಕುರ್ಚಿಯಲ್ಲಿ ಕುಳಿತಾಗ, ಕಡತದ ಅಂಕಿಗಳ ಹಿಂದಿರುವ ಮನುಷ್ಯನನ್ನು ಮರೆಯಲಾರದು.