ಚೇತರಿಕೆಯ ಲೆಕ್ಕ ಯಾರ ಮನೆಯದು?

ಚುನಾವಣೆ ಹತ್ತಿರ ಬಂತು ಅಂದ್ರೆ ಅಧಿಕಾರದಲ್ಲಿ ಇರುವವರ ಭಾಷಣ ಹೆಚ್ಚುಕಡಿಮೆ ಒಂದೇ ಥರ ಇರುತ್ತೆ. "ನಾವು ಬಂದಾಗ ಖಜಾನೆ ಖಾಲಿ ಇತ್ತು" ಅಂತ ಶುರುವಾಗುತ್ತೆ. "ನಾವು ಎಲ್ಲವನ್ನೂ ಮೇಲೆತ್ತಿದೆವು" ಅಂತ ಮುಂದುವರಿಯುತ್ತೆ. "ಕೆಲಸ ಅರ್ಧ ಆಗಿದೆ, ಇನ್ನೊಂದು ಅವಧಿ ಕೊಡಿ" ಅಂತ ಮುಗಿಯುತ್ತೆ. ಪಕ್ಷ ಯಾವುದಾದರೂ ಆಗಲಿ, ಮಾತು ಇದೇ. ಮಂಡ್ಯ, ಮದ್ದೂರು, ಮಳವಳ್ಳಿಯ ಜನ ಈ ಮಾತನ್ನು ಹಲವು ಸಲ ಕೇಳಿದ್ದಾರೆ, ಹಲವು ಸಲ ಒಪ್ಪದೆ ಕಳಿಸಿದ್ದಾರೆ. ಅದು ಯಾಕೆ ಹಾಗಾಯಿತು ಅಂತ ನಾವು ಕೂತು ಯೋಚಿಸಬೇಕು.

ಮೊದಲಿಗೆ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರೇ ಆದ ಎಸ್.ಎಂ. ಕೃಷ್ಣ ಅವರನ್ನು ನೆನಪಿಸಿಕೊಳ್ಳೋಣ. 1999ರಲ್ಲಿ ಅವರ ಪಕ್ಷ 132 ಸ್ಥಾನ ಗೆದ್ದು ಅವರು ಮುಖ್ಯಮಂತ್ರಿಯಾದರು. ಅವರ ಕಾಲದಲ್ಲಿ ಬೆಂಗಳೂರಿನ ಐಟಿ ಕಂಪನಿಗಳ ಹೆಸರು ಪ್ರಪಂಚಕ್ಕೆಲ್ಲ ಹಬ್ಬಿತು. ಪಹಣಿ ಕಂಪ್ಯೂಟರಿಗೆ ಬಂತು, ಸಹಕಾರ ಸಂಘಗಳ ರೈತರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಬಂತು. ಇವೆಲ್ಲ ಸುಳ್ಳಲ್ಲ, ನಿಜವಾದ ಕೆಲಸಗಳೇ. ಈ ಸಾಧನೆಯ ಧೈರ್ಯದಿಂದ 2004ರಲ್ಲಿ ಅವಧಿಗೆ ಮೊದಲೇ ವಿಧಾನಸಭೆ ವಿಸರ್ಜಿಸಿ ಚುನಾವಣೆಗೆ ಹೋದರು. ಅದೇ ವರ್ಷ ದಿಲ್ಲಿಯಲ್ಲಿ ವಾಜಪೇಯಿ ಸರ್ಕಾರವೂ 'ಭಾರತ ಪ್ರಕಾಶಿಸುತ್ತಿದೆ' ಅಂತ ಜಾಹೀರಾತು ಹಾಕಿತ್ತು.

ಆದರೆ ಅದಕ್ಕೂ ಮೊದಲಿನ ಮೂರು ವರ್ಷ ರಾಜ್ಯದಲ್ಲಿ ಬರ. ನಾಲೆಯಲ್ಲಿ ನೀರಿಲ್ಲ, ಕಾವೇರಿ ಗಲಾಟೆ ಬೇರೆ, ರೈತರ ಆತ್ಮಹತ್ಯೆಯ ಸುದ್ದಿ ದಿನಾ ಪೇಪರಿನಲ್ಲಿ. ಬೆಂಗಳೂರು ಹೊಳೆಯುತ್ತಿದ್ದದ್ದು ನಿಜವೇ. ಆದರೆ ಒಣಗಿದ ಗದ್ದೆಯ ಬದುವಿನಲ್ಲಿ ನಿಂತವನಿಗೆ ಅದರಿಂದ ಏನು ಬಂತು? ಫಲಿತಾಂಶ ಬಂದಾಗ 132 ಇದ್ದದ್ದು 65 ಆಗಿತ್ತು. ದಿಲ್ಲಿಯಲ್ಲೂ ಸರ್ಕಾರ ಹೋಯಿತು. ಇನ್ನೂ ಒಂದು ಮಾತಿದೆ. 1985ರಲ್ಲಿ ರಾಮಕೃಷ್ಣ ಹೆಗಡೆ ಮರಳಿ ಗೆದ್ದ ಮೇಲೆ 2023ರ ತನಕ ಕರ್ನಾಟಕದಲ್ಲಿ ಆಳುವ ಪಕ್ಷವೊಂದು ಚುನಾವಣೆ ಗೆದ್ದು ಮತ್ತೆ ಬಂದದ್ದೇ ಇಲ್ಲ.

2023ರಲ್ಲಿ ಇದೇ ಮತ್ತೊಮ್ಮೆ ನಡೆಯಿತು. ಮಾರ್ಚ್ 12ರಂದು ಪ್ರಧಾನಿ ಮದ್ದೂರಿನ ಗೆಜ್ಜಲಗೆರೆಗೆ ಬಂದು ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟಿಸಿದರು. 118 ಕಿ.ಮೀ. ರಸ್ತೆ, ಸುಮಾರು 8,480 ಕೋಟಿ ರೂಪಾಯಿ ಖರ್ಚು. ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಇಳಿಯುತ್ತೆ, ಈ ಭಾಗದ ಆರ್ಥಿಕತೆ ಬೆಳೆಯುತ್ತೆ ಅಂತ ಹೇಳಿದರು. ದಾರಿ ಚುರುಕಾದದ್ದು ನಿಜ. ಮೈಸೂರಿಗೆ, ಬೆಂಗಳೂರಿಗೆ ಆಸ್ಪತ್ರೆಗೆ ಓಡುವವರಿಗೆ ಉಪಕಾರವೇ ಆಯಿತು.

ಆದರೆ ಎರಡೇ ದಿನಕ್ಕೆ ಟೋಲ್ ಶುರುವಾಯಿತು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಮುಖ್ಯ ರಸ್ತೆಗೆ ಹತ್ತುವ ಹಾಗಿಲ್ಲ ಅಂತಾಯಿತು. ರಾಮನಗರ, ಚನ್ನಪಟ್ಟಣ, ಮಂಡ್ಯ ಪಟ್ಟಣಗಳನ್ನು ರಸ್ತೆ ಬದಿಗೆ ಬಿಟ್ಟು ಹೋಗುತ್ತೆ, ಮದ್ದೂರಿನಲ್ಲಿ ಮೇಲ್ಸೇತುವೆಯ ಮೇಲೆ ಹಾದು ಹೋಗುತ್ತೆ. ಹಿಂದೆ ಪ್ರತಿ ಬಸ್ಸು, ಕಾರು ನಿಲ್ಲುತ್ತಿದ್ದ ಕಡೆ ಮದ್ದೂರು ವಡೆ, ಎಳನೀರು, ಟೀ, ಬೇಕರಿ, ಹಣ್ಣು ಮಾರಿ ಬದುಕುತ್ತಿದ್ದವರು ಎಷ್ಟೋ ಮಂದಿ. ಹಳೇ ರಸ್ತೆ ಬದಿಯಲ್ಲಿ ಬಾಡಿಗೆ ಅಂಗಡಿ ಹಿಡಿದವರಿಗೆ ಗಿರಾಕಿ ಕಡಿಮೆಯಾದರು, ಬಾಡಿಗೆ ಕಡಿಮೆಯಾಗಲಿಲ್ಲ. ಮಳವಳ್ಳಿಗಂತೂ ಆ ರಸ್ತೆ ತಾಗುವುದೇ ಇಲ್ಲ. ಅಲ್ಲಿಯ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ಹುಟ್ಟಿತು, ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಕೆಲಸ ನಮ್ಮ ಊರಲ್ಲಿ, ಬೆಳಕು ಬೇರೆ ಊರಲ್ಲಿ ಅನ್ನೋದು ಆ ತಾಲ್ಲೂಕಿಗೆ ಹೊಸದೇನಲ್ಲ.

ಇನ್ನು ಮೈಷುಗರ್. 1933ರಲ್ಲಿ ಸ್ಥಾಪನೆಯಾದ ಈ ಸಕ್ಕರೆ ಕಾರ್ಖಾನೆ ನಷ್ಟದಿಂದ ಕೆಲವು ವರ್ಷ ಬಾಗಿಲು ಹಾಕಿ, 2022ರಲ್ಲಿ ಮತ್ತೆ ಕಬ್ಬು ಅರೆಯಲು ಶುರುಮಾಡಿತು. ಆಗಿನ ಸರ್ಕಾರ ಅದನ್ನು ತನ್ನ ಸಾಧನೆ ಅಂತ ಹೇಳಿತು. ನಂತರ ಬಂದ ಸರ್ಕಾರವೂ ಕಾರ್ಖಾನೆಗೆ ಹಣ ಕೊಟ್ಟು ಅದೇ ಮಾತು ಹೇಳಿತು. ಆದರೆ ಕಬ್ಬು ಬೆಳೆಯುವವನ ಲೆಕ್ಕ ಬೇರೆ. ಕಾನೂನಿನ ಪ್ರಕಾರ ಕಬ್ಬು ಹಾಕಿದ 14 ದಿನದ ಒಳಗೆ ಹಣ ಬರಬೇಕು. ಕಡಿಯುವ ಆಳಿಗೆ ಕೂಲಿ, ಲಾರಿ ಬಾಡಿಗೆ, ಗೊಬ್ಬರದ ಸಾಲ ಎಲ್ಲ ಅದರ ಮೇಲೆ ನಿಂತಿದೆ. ಆ ಹಣ ಸಕಾಲಕ್ಕೆ ಬಂದರೆ ಪೇಟೆಯ ಬಟ್ಟೆ ಅಂಗಡಿ, ದಿನಸಿ ಅಂಗಡಿ, ಮೀನಿನ ಅಂಗಡಿಗೂ ವ್ಯಾಪಾರ. ಬಾರದಿದ್ದರೆ ನಮ್ಮವರ ಅಂಗಡಿಯ ಉದ್ರಿ ಪುಸ್ತಕ ದಪ್ಪ ಆಗುತ್ತೆ, ಅಷ್ಟೇ. ಕಾರ್ಖಾನೆಯ ಚಿಮಣಿಯಲ್ಲಿ ಹೊಗೆ ಬಂದ ದಿನವೇ ಚೇತರಿಕೆ ಅಂತ ಬ್ಯಾನರ್ ಕಟ್ಟಬಹುದು. ಪೇಟೆ ಚೇತರಿಸಿಕೊಳ್ಳೋದು ರೈತನ ಖಾತೆಗೆ ದುಡ್ಡು ಬಿದ್ದ ದಿನ.

2023ರ ಮೇ ತಿಂಗಳಲ್ಲಿ ಹೆದ್ದಾರಿ ತೋರಿಸಿ ಮತ ಕೇಳಿದ ಆಳುವ ಪಕ್ಷಕ್ಕೆ ಮಂಡ್ಯ ಜಿಲ್ಲೆಯ ಏಳರಲ್ಲಿ ಒಂದು ಸ್ಥಾನವೂ ಸಿಗಲಿಲ್ಲ. 2018ರಲ್ಲಿ ಏಳಕ್ಕೆ ಏಳೂ ಗೆದ್ದಿದ್ದ ಜೆಡಿಎಸ್ ಒಂದಕ್ಕೆ ಇಳಿಯಿತು. ಮದ್ದೂರು, ಮಳವಳ್ಳಿ ಎರಡರಲ್ಲೂ ಹಾಲಿ ಶಾಸಕರು ಸೋತರು. ಅದೇ ಮಾರ್ಚ್ ತಿಂಗಳಲ್ಲೇ ಮುಸ್ಲಿಮರ 2ಬಿ ಪ್ರವರ್ಗದ ಶೇ. 4 ಮೀಸಲಾತಿ ರದ್ದು ಮಾಡುವ ನಿರ್ಧಾರವನ್ನೂ ಆ ಸರ್ಕಾರ ತೆಗೆದುಕೊಂಡಿತ್ತು ಅನ್ನೋದು ನಮಗೆ ಮರೆತಿಲ್ಲ. ಒಂದು ಕೈಯಲ್ಲಿ ರಸ್ತೆ ಕೊಟ್ಟು ಇನ್ನೊಂದು ಕೈಯಲ್ಲಿ ಮಕ್ಕಳ ಸೀಟು, ನೌಕರಿಯ ದಾರಿ ಕಿರಿದು ಮಾಡಿದರೆ, ಮನೆಯ ಲೆಕ್ಕದಲ್ಲಿ ಎರಡನ್ನೂ ಬರೆಯಲೇಬೇಕಾಗುತ್ತೆ.

ಒಂದೇ ಪಕ್ಷದ ಕಥೆ ಇದು ಅಂತ ಯಾರೂ ತಿಳಿಯಬಾರದು. ಕುಮಾರಸ್ವಾಮಿಯವರು 2018ರ ಜುಲೈನಲ್ಲಿ 34,000 ಕೋಟಿಯ ರೈತರ ಸಾಲ ಮನ್ನಾ ಘೋಷಿಸಿದರು. ಮುಂದಿನ ವರ್ಷ ಲೋಕಸಭಾ ಚುನಾವಣೆಯಲ್ಲಿ ಅವರ ಮಗ ಮಂಡ್ಯದಲ್ಲಿ ಒಂದೂಕಾಲು ಲಕ್ಷ ಮತಗಳಿಂದ ಸೋತರು. ಈಗಿನ ಕಾಂಗ್ರೆಸ್ ಸರ್ಕಾರ ಹೆಂಗಸರಿಗೆ ಉಚಿತ ಬಸ್ಸು, ತಿಂಗಳಿಗೆ 2,000 ರೂಪಾಯಿ ಕೊಟ್ಟು, ಇದರಿಂದ ಹಳ್ಳಿಯ ವ್ಯಾಪಾರ ಎದ್ದಿದೆ ಅಂತ ಹೇಳಿತು. 2024ರ ಲೋಕಸಭಾ ಚುನಾವಣೆಯಲ್ಲಿ ಅದೇ ಮಂಡ್ಯ ಕುಮಾರಸ್ವಾಮಿಯವರನ್ನು 2.84 ಲಕ್ಷ ಮತಗಳ ಅಂತರದಿಂದ ಗೆಲ್ಲಿಸಿತು. ಜಾತಿ, ಸಿನಿಮಾ, ಅಭ್ಯರ್ಥಿಯ ಹೆಸರು ಇವೆಲ್ಲವೂ ಕೆಲಸ ಮಾಡುತ್ತೆ, ಅದು ಗೊತ್ತಿರೋದೇ. ಆದರೆ ಸಾಧನೆಯ ಪಟ್ಟಿ ಓದಿದ ಮಾತ್ರಕ್ಕೆ ಮತ ಬರೋದಿಲ್ಲ ಅನ್ನೋದೂ ಅಷ್ಟೇ ನಿಜ.

ಹೊರದೇಶದಲ್ಲೂ ಹೀಗೆಯೇ. ಅಮೆರಿಕದಲ್ಲಿ 1984ರಲ್ಲಿ ರೇಗನ್ ದೇಶ ಚೇತರಿಸಿಕೊಂಡಿದೆ ಅಂತ ಹೇಳಿ 50ರಲ್ಲಿ 49 ರಾಜ್ಯ ಗೆದ್ದರು. 1992ರಲ್ಲಿ ಹಿರಿಯ ಬುಷ್ ಚುನಾವಣೆಗೆ ಹೋಗುವ ಹೊತ್ತಿಗೆ ಆರ್ಥಿಕ ಹಿಂಜರಿತ ಮುಗಿದು ಒಂದೂವರೆ ವರ್ಷ ಆಗಿತ್ತು. ಆದರೆ ನಿರುದ್ಯೋಗ ಇಳಿದಿರಲಿಲ್ಲ, ಅವರು ಸೋತರು. ಸರ್ಕಾರದ ಪುಸ್ತಕದಲ್ಲಿ ಚೇತರಿಕೆ ಮೊದಲು ಬರುತ್ತೆ, ಮನೆಗೆ ಬರೋದು ತಡ. ಕೆಲವು ಮನೆಗೆ ಬರುವುದೇ ಇಲ್ಲ.

ಹಾಗಾದರೆ ನಾವು ಏನು ಮಾಡಬೇಕು? ಸಾಧನೆ ಹೇಳುವವರನ್ನು ಸುಳ್ಳುಗಾರರು ಅಂತ ಹೀಯಾಳಿಸೋದು ಬೇಡ, ಹೇಳಿದ್ದಕ್ಕೆಲ್ಲ ತಲೆ ಆಡಿಸೋದೂ ಬೇಡ. ಮನೆ ಬಾಗಿಲಿಗೆ ಬಂದವರಿಗೆ ಮರ್ಯಾದೆಯಿಂದ ಮೂರು ಪ್ರಶ್ನೆ ಕೇಳಬೇಕು.

ಒಂದು, ಎಲ್ಲಿಂದ ಲೆಕ್ಕ ಹಾಕಿದ್ದೀರಿ? ಕೋವಿಡ್ ಲಾಕ್‌ಡೌನಿನ ವರ್ಷದಿಂದ ಎಣಿಸಿದರೆ ಯಾವ ವ್ಯಾಪಾರವಾದರೂ ಏರಿದ ಹಾಗೆ ಕಾಣುತ್ತೆ. ಬಾವಿಗೆ ಬಿದ್ದವನು ಮೇಲೆ ಬಂದ ಅಂದ್ರೆ ನೆಲಕ್ಕೆ ಬಂದ ಅಂತ, ಮಾಳಿಗೆ ಹತ್ತಿದ ಅಂತ ಅಲ್ಲ.

ಎರಡು, ಇದರಲ್ಲಿ ನೀವು ಮಾಡಿದ್ದು ಎಷ್ಟು? 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ತುಂಬಲಿಲ್ಲ, 2024ರಲ್ಲಿ ಕೊಡಗಿನಲ್ಲಿ ಮಳೆಯಾಗಿ 124.80 ಅಡಿ ತುಂಬಿತು. ಬಾಗಿನ ಕೊಡೋದು ಮುಖ್ಯಮಂತ್ರಿ, ಆದರೆ ಮಳೆ ಅವರ ಯೋಜನೆ ಅಲ್ಲ. ಹಾಗೆಯೇ ನಮ್ಮ ಎಷ್ಟೋ ಮನೆಗಳು ಎದ್ದು ನಿಂತದ್ದು ಗಲ್ಫಿನ ಬಿಸಿಲಿನಲ್ಲಿ ದುಡಿದ ಮಕ್ಕಳಿಂದ. ಅದನ್ನು ಯಾರೂ ತಮ್ಮ ಭಾಷಣಕ್ಕೆ ಸೇರಿಸಿಕೊಳ್ಳುವ ಹಾಗಿಲ್ಲ.

ಮೂರು, ಅದು ಯಾರಿಗೆ ಮುಟ್ಟಿತು? ಸಾಲ ಮನ್ನಾ ಭೂಮಿ ಇದ್ದವನಿಗೆ, ಹೆದ್ದಾರಿ ಕಾರು ಇದ್ದವನಿಗೆ. ಗುಜರಿ ವ್ಯಾಪಾರಿಗೆ, ಆಟೋ ಓಡಿಸುವವನಿಗೆ, ಹೊಲಿಗೆ ಮಾಡುವ ಹೆಂಗಸಿಗೆ ಏನಿದೆ?

ಈ ಪ್ರಶ್ನೆ ಕೇಳುವ ಜಾಗವೂ ಕಡಿಮೆ ಆಗಿದೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಆದ್ದರಿಂದ ಗ್ರಾಮಸಭೆ, ವಾರ್ಡ್ ಸಭೆ ಇದ್ದ ದಿನ ಅಂಗಡಿ ಒಂದು ಗಂಟೆ ಮುಚ್ಚಿ ಹೋಗಿ. ಮನೆಯ ಖರ್ಚಿನ ಲೆಕ್ಕ ಗಂಡಸರಿಗಿಂತ ಹೆಂಗಸರಿಗೇ ಚೆನ್ನಾಗಿ ಗೊತ್ತು, ಅವರನ್ನೂ ಕರೆದುಕೊಂಡು ಹೋಗಿ.

ಕೊನೆಗೆ ಒಂದು ಸಣ್ಣ ಕೆಲಸ. ಕರಾವಳಿಯಿಂದ ವ್ಯಾಪಾರಕ್ಕೆ ಬಂದು ಇಲ್ಲೇ ನೆಲೆಸಿದವರಲ್ಲಿ ಹೆಸರು ಇನ್ನೂ ಹಳೇ ಊರಿನ ಮತದಾರರ ಪಟ್ಟಿಯಲ್ಲೇ ಉಳಿದಿರುವವರು ನಮೂನೆ 8 ತುಂಬಿ ಈಗಿನ ವಿಳಾಸಕ್ಕೆ ಬದಲಾಯಿಸಿಕೊಳ್ಳಲಿ. ಹದಿನೆಂಟು ತುಂಬಿದ ಮಕ್ಕಳ ಹೆಸರನ್ನು ನಮೂನೆ 6ರಲ್ಲಿ ಸೇರಿಸಲಿ. ಯಾರಿಗೆ ಮತ ಹಾಕಬೇಕು ಅಂತ ಈ ಪುಟ ಹೇಳೋದಿಲ್ಲ. ಲೆಕ್ಕ ಕೇಳದೆ ಹಾಕಬೇಡಿ ಅಂತ ಮಾತ್ರ ಹೇಳುತ್ತೆ. ಪಟ್ಟಿಯಲ್ಲಿ ಹೆಸರೇ ಇಲ್ಲದವನು ಲೆಕ್ಕ ಕೇಳಿದರೆ ಯಾರೂ ಉತ್ತರ ಕೊಡೋದಿಲ್ಲ.